ಕರುಳಿನ ಕುರುಹು

(ಬಾನುಲಿ ಭಾಷಣ)

ಕನ್ನಡದಲ್ಲಿ ಕರುಳು ಎಂಬ ಮಾತು ಎರಡು ಕಡೆ ದುಡಿಯುತ್ತದೆ. ಒಂದು ಕಡೆ ಅದು ಹೊಟ್ಟೆಯೊಳಗೆ ಸುರುಳಿಗೊಂಡು ಬಿದ್ದಿರುವ ನಾಳ; ಇನ್ನೊಂದು ಕಡೆ ಮಮತೆ, ಮರುಕ, ರಕ್ತಸಂಬಂಧ. ಹೆತ್ತ ಕರುಳು ಎನ್ನುತ್ತೇವೆ, ಕರುಳ ಕುಡಿ ಎನ್ನುತ್ತೇವೆ, ಅಯ್ಯೋ ಎನಿಸಿದಾಗ ಕರುಳು ಚುರುಕ್ಕೆಂದಿತು ಎನ್ನುತ್ತೇವೆ. ಈ ನುಡಿಗಟ್ಟುಗಳನ್ನು ಕಟ್ಟಿದ ನಮ್ಮ ಹಿರಿಯರು ಶರೀರಶಾಸ್ತ್ರವನ್ನು ಓದಿದವರಲ್ಲ. ಆದರೂ ಇಪ್ಪತ್ತನೆಯ ಶತಮಾನದ ಶರೀರಶಾಸ್ತ್ರ ಕಂಡುಕೊಂಡ ಒಂದು ಸಂಗತಿ ಅವರ ಮಾತಿಗೆ ತೀರ ದೂರದ್ದೇನೂ ಅಲ್ಲ. ಕರುಳಿಗೆ ತಿಳಿಯುತ್ತದೆ, ತಿಳಿದದ್ದನ್ನು ಅದು ದೇಹದ ಉಳಿದ ಭಾಗಗಳಿಗೆ ತಿಳಿಸುತ್ತದೆ. ಹಾಗೆ ತಿಳಿಸುವ ಕೆಲಸಕ್ಕೆಂದೇ ಅದರ ಒಳಪದರದಲ್ಲಿ ಪ್ರತ್ಯೇಕವಾದ ಜೀವಕೋಶಗಳಿವೆ. ಅವನ್ನು ಅಸಂಖ್ಯಾತ ಇತರ ಕೋಶಗಳ ನಡುವೆ ಗುರುತಿಸುವ ಬಗೆ ಹೇಗೆ, ಗುರುತಿಸುವುದರಿಂದ ಪ್ರಯೋಜನವೇನು, ಗುರುತು ತಪ್ಪಿದರೆ ಹಾನಿಯೇನು ಎಂಬುದೇ ನನ್ನ ಇಂದಿನ ಭಾಷಣದ ವಿಷಯ.

ನಾನು ವೃತ್ತಿಯಿಂದ ಪಶುವೈದ್ಯ. ನನ್ನ ಸೇವಾವಧಿಯ ಬಹುಭಾಗ ಕಳೆದದ್ದು ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ. ಮಳೆ ಕಡಿಮೆ, ಬಂಡೆ ಹೆಚ್ಚು ಎನ್ನಬಹುದಾದ ಸೀಮೆ ಅದು. ಕೊರಟಗೆರೆ, ಮಧುಗಿರಿಗಳನ್ನು ಹಾದು ಪೆನ್ನಾರನ್ನು ಸೇರುವ ಜಯಮಂಗಲಿ ವರ್ಷದ ಬಹುಕಾಲ ಮರಳಿನ ಹಾಸಾಗಿ ಮಲಗಿರುತ್ತದೆ. ಆಂಧ್ರದ ನೆಲ ಮೂರು ದಿಕ್ಕಿನಿಂದ ಸುತ್ತುವರಿದಿರುವ ಪಾವಗಡದಲ್ಲಿ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಮನೆಯನ್ನು ನಡೆಸುವುದು ಕುರಿ. ಸಿರಾದ ಗೊಲ್ಲರಹಟ್ಟಿಗಳಲ್ಲಿಯೂ ಮಧುಗಿರಿಯ ಕುರುಬರ ಕೇರಿಗಳಲ್ಲಿಯೂ ಹಾಗೆಯೇ. ಆದ್ದರಿಂದ ಕರುಳಿನ ವಿಷಯವನ್ನು ಕುರಿಯಿಂದಲೇ ಪ್ರಾರಂಭಿಸುವುದು ನನಗೆ ಸಹಜ. ಸ್ತನಿವರ್ಗದ ಪ್ರಾಣಿಗಳಲ್ಲಿ ಈ ವಿಷಯ ಬಹುಮಟ್ಟಿಗೆ ಒಂದೇ ಬಗೆಯದು. ಕುರಿಯಲ್ಲಿ ಕಂಡದ್ದು ಮನುಷ್ಯನನ್ನು ಅರಿಯಲು ಅಡ್ಡಿಯಾಗುವುದಿಲ್ಲ.

ಮಾಂಸಾಹಾರಿಗಳ ಮನೆಗಳಲ್ಲಿ ಬೋಟಿಯನ್ನು ಶುಚಿ ಮಾಡುವ ಕ್ರಮವನ್ನು ನೋಡಿದವರು ಇದನ್ನು ಬಲ್ಲರು. ಬಿಸಿನೀರಿಗೆ ಹಾಕಿ, ಸುಣ್ಣ ಹಚ್ಚಿ, ಒಳಮೈಯನ್ನು ಹೆರೆದು ಹೆರೆದು ತೆಗೆಯುತ್ತಾರೆ. ಹಾಗೆ ಹೆರೆದು ಚೆಲ್ಲುವ ಲೋಳೆಯಂಥ ಪದರವೇ ನಮ್ಮ ವಿಷಯದ ಮನೆ. ಮೆಲುಕು ಹಾಕುವ ಪ್ರಾಣಿಯಾದ ಕುರಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಟವೆಲಿನಂತೆ ಒರಟಾದ ಮೊದಲನೆಯದು, ಜೇನುಹಟ್ಟಿನ ಹೆಣಿಗೆಯ ಎರಡನೆಯದು, ಪುಸ್ತಕದ ಹಾಳೆಗಳಂತೆ ಮಡಿಕೆಗೊಂಡ ಮೂರನೆಯದು—ಇವು ಮೇವನ್ನು ಕೊಳೆಹಾಕುವ, ಅರೆಯುವ, ಹಿಂಡುವ ಜಾಗಗಳು. ಇವುಗಳ ಒಳಪದರ ನಮ್ಮ ಬಾಯಿಯ ಒಳಚರ್ಮದ ಜಾತಿಯದು. ಅಲ್ಲಿ ಗ್ರಂಥಿಗಳಿಲ್ಲ, ನಾನು ಹೇಳಹೊರಟ ಜೀವಕೋಶಗಳೂ ಇಲ್ಲ. ನಾಲ್ಕನೆಯದು ಮಾತ್ರ ನಮ್ಮ ಜಠರಕ್ಕೆ ಸಮನಾದ ನಿಜವಾದ ಹೊಟ್ಟೆ. ಆಮ್ಲ ಸುರಿಯುವುದು ಅಲ್ಲಿ; ಹಾರ್ಮೋನುಗಳನ್ನು ತಯಾರಿಸುವ ಜೀವಕೋಶಗಳು ಮೊದಲು ಕಾಣಸಿಗುವುದೂ ಅಲ್ಲಿ. ಅಲ್ಲಿಂದ ಮುಂದೆ, ಸುಮಾರು 25 ಮೀಟರು ಉದ್ದದ ಸಣ್ಣ ಕರುಳಿನ ಮತ್ತು ಅದರಾಚೆಯ ದೊಡ್ಡ ಕರುಳಿನ ಉದ್ದಕ್ಕೂ ಅವು ಒಂದೊಂದಾಗಿ ಚೆದುರಿಕೊಂಡಿವೆ. ಒಳಪದರದ ನೂರು ಕೋಶಗಳಲ್ಲಿ ಒಂದು ಇಂಥದಿದ್ದೀತು. ಆದರೆ ಕರುಳಿನ ವಿಸ್ತಾರ ದೊಡ್ಡದಾದ್ದರಿಂದ ಎಲ್ಲವನ್ನೂ ಕೂಡಿಸಿ ನೋಡಿದರೆ ದೇಹದ ಅತಿ ದೊಡ್ಡ ಹಾರ್ಮೋನು ಅಂಗ ಇದೇ ಎಂದು ಶರೀರಶಾಸ್ತ್ರಜ್ಞರು ಹೇಳುತ್ತಾರೆ. ಥೈರಾಯಿಡಿನಂತೆ ಇದು ಒಂದು ಗಂಟಾಗಿ ಕೈಗೆ ಸಿಗುವುದಿಲ್ಲ. ರಾಗಿಯ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಎದ್ದ ಅವರೆ ಗಿಡದಂತೆ ಹರಡಿಕೊಂಡಿದೆ.

ಹರಡಿಕೊಂಡಿದ್ದುದರಿಂದಲೇ ಇದು ತಡವಾಗಿ ತಿಳಿಯಿತು. ತಿಳಿದ ರೀತಿಯೂ ವಿಚಿತ್ರ. ಸಾಮಾನ್ಯವಾಗಿ ಅಂಗವನ್ನು ಕಂಡು ಆಮೇಲೆ ಅದರ ಕೆಲಸವನ್ನು ಅರಿಯುತ್ತೇವೆ. ಇಲ್ಲಿ ಕೋಶಗಳನ್ನು ಕಂಡವರು ಒಬ್ಬರು, ಕೆಲಸವನ್ನು ಕಂಡವರು ಇನ್ನೊಬ್ಬರು. ಇಬ್ಬರಿಗೂ ಬಹುಕಾಲ ಪರಸ್ಪರ ನಂಟೇ ಬೀಳಲಿಲ್ಲ.

ಕೆಲಸವನ್ನು ಕಂಡ ಕಥೆ ಹೀಗೆ. ಜಠರದಿಂದ ಹುಳಿ ಅನ್ನರಸ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸುತ್ತದೆ. ಗ್ರಂಥಿಗೆ ಸುದ್ದಿ ಮುಟ್ಟಿಸುವವರು ಯಾರು? ನರಗಳು ಎಂದು ರಷ್ಯದ ಪಾವ್ಲೋವ್ ಮತ್ತು ಅವನ ಶಿಷ್ಯರು ನಂಬಿದ್ದರು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ನಾಯಿಯೊಂದರ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲವನ್ನು ಬಿಟ್ಟರು. ನರಗಳಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಆಮೇಲೆ ಅವರು ಮಾಡಿದ್ದು ನಮ್ಮ ಬೋಟಿ ಹೆರೆಯುವ ಕೆಲಸವನ್ನೇ. ಕರುಳಿನ ಒಳಪದರವನ್ನು ಹೆರೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ದ್ರವವನ್ನು ರಕ್ತನಾಳಕ್ಕೆ ಚುಚ್ಚಿದರು. ಗ್ರಂಥಿ ಮತ್ತೆ ರಸ ಸುರಿಸಿತು. ಸುದ್ದಿ ರಕ್ತದ ಮೂಲಕ ಹೋಗುತ್ತದೆ ಎಂಬುದು ಖಚಿತವಾಯಿತು. ಆ ವಸ್ತುವಿಗೆ ಸಿಕ್ರೆಟಿನ್ ಎಂದು ಹೆಸರಾಯಿತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ರಾಸಾಯನಿಕ ದೂತರಿಗೆಲ್ಲ ಹಾರ್ಮೋನ್ ಎಂಬ ಸಾಮಾನ್ಯ ನಾಮವನ್ನು ಬಳಸಿದ. ಕನ್ನಡದಲ್ಲಿ ಚೋದನಿಕೆ, ರಸದೂತ ಎಂದು ಅನುವಾದಿಸಿಕೊಂಡಿರುವ ಈ ಮಾತು ಹುಟ್ಟಿದ್ದು ಕರುಳಿನ ಅಧ್ಯಯನದಿಂದ ಎಂಬುದನ್ನು ನೆನಪಿಡಬೇಕು.

ಇನ್ನು ಕೋಶಗಳನ್ನು ಕಂಡವರು. ಜರ್ಮನಿಯ ಹೈಡನ್‌ಹೈನ್ 1870ರಲ್ಲೇ ಮೊಲ ಮತ್ತು ನಾಯಿಗಳ ಜಠರದಲ್ಲಿ ಕ್ರೋಮಿಯಂ ಲವಣಗಳಿಗೆ ಹಳದಿಯಾಗುವ ಕೆಲವು ಕೋಶಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ್ದ. 1897ರಲ್ಲಿ ರಷ್ಯದ ಕುಲ್ಚಿಟ್ಸ್ಕಿ ಕರುಳಿನಲ್ಲಿ ಅಂಥವನ್ನೇ ವರ್ಣಿಸಿದ. 1914ರಲ್ಲಿ ಪಿಯೆರ್ ಮ್ಯಾಸನ್ ಬೆಳ್ಳಿಯ ಲವಣವನ್ನು ಬಳಸಿ ಅವನ್ನು ಕಪ್ಪಾಗಿಸಿ, ಇವೆಲ್ಲ ಸೇರಿ ಒಂದು ಹರಡಿದ ನಿರ್ನಾಳ ಗ್ರಂಥಿಯೇ ಆಗಿರಬೇಕೆಂದು ಊಹಿಸಿದ. 1938ರಲ್ಲಿ ಆಸ್ಟ್ರಿಯದ ಫೈರ್ಟರ್, ಬಣ್ಣ ಹಿಡಿಯದೆ ಪೇಲವವಾಗಿ ಉಳಿಯುವ ಕೋಶಗಳನ್ನೂ ಈ ಪಂಗಡಕ್ಕೆ ಸೇರಿಸಿದ. ಆದರೆ ಬೆಳ್ಳಿಗೆ ಕಾಣುವುದೆಲ್ಲವೂ ಕ್ರೋಮಿಯಮ್ಮಿಗೆ ಕಾಣದು, ಬೆಳ್ಳಿಗೆ ಕಾಣುವುದೆಲ್ಲವೂ ಹಾರ್ಮೋನಿನ ಕೋಶವಲ್ಲ. ಬಣ್ಣಗಳು ಕಂಡದ್ದನ್ನು ಹೇಳುತ್ತಿದ್ದವು, ಕಂಡದ್ದು ಯಾವುದೆಂದು ಹೇಳುತ್ತಿರಲಿಲ್ಲ.

ಇಲ್ಲಿಯ ಕಷ್ಟವನ್ನು ನಮ್ಮ ಕುರಿಗಾಹಿಗಳಿಗೆ ವಿವರಿಸುವುದು ಸುಲಭ. ಬೇಸಿಗೆಯಲ್ಲಿ ನಾಲ್ಕಾರು ಮನೆಗಳ ಮಂದೆ ಒಂದೇ ಬಯಲಿನಲ್ಲಿ ಕೂಡಿಕೊಳ್ಳುತ್ತದೆ. ಸಂಜೆ ರೊಪ್ಪಕ್ಕೆ ಹೊಡೆಯುವ ಹೊತ್ತಿಗೆ ಯಾವುದು ಯಾರದು ಎಂಬ ಪ್ರಶ್ನೆ ಬರುತ್ತದೆ. ಮೈಬಣ್ಣ, ಗಾತ್ರ, ಕೊಂಬು ನೋಡಿ ತೀರ್ಮಾನಿಸಿದರೆ ಜಗಳವಾದೀತು. ಅದಕ್ಕೆಂದೇ ಕಿವಿಯ ಅಂಚಿನಲ್ಲಿ ಆಯಾ ಮನೆಯವರು ಕತ್ತರಿಸಿಟ್ಟ ಗುರುತು ಇರುತ್ತದೆ. ಅಂಥದೊಂದು ಗುರುತು, ಜೀವಕೋಶವೇ ತನ್ನೊಳಗೆ ಇಟ್ಟುಕೊಂಡಿರುವ ಗುರುತು, ಕರುಳಿನ ಹಾರ್ಮೋನು ಕೋಶಗಳಿಗೆ ಬೇಕಾಗಿತ್ತು. ವಿಜ್ಞಾನದಲ್ಲಿ ಇದಕ್ಕೆ ಮಾರ್ಕರ್ ಎನ್ನುತ್ತಾರೆ. ನಾನು ಕುರುಹು ಎಂಬ ನಮ್ಮ ಹಳೆಯ ಮಾತನ್ನು ಬಳಸುತ್ತೇನೆ.

ಆ ಕುರುಹು ಸಿಕ್ಕಿದ್ದು ಕರುಳಿನಲ್ಲಲ್ಲ, ಹಸುವಿನ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ. ಹೆದರಿಕೆಯಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಎಂಬ ಹಾರ್ಮೋನು ಅಲ್ಲಿ ಸೂಕ್ಷ್ಮವಾದ ಚೀಲಗಳಲ್ಲಿ ತುಂಬಿಕೊಂಡಿರುತ್ತದೆ. 1960ರ ದಶಕದಲ್ಲಿ ಆ ಚೀಲಗಳನ್ನು ಪರಿಶೀಲಿಸಿದವರಿಗೆ ಹಾರ್ಮೋನಿನ ಜತೆಗೆ ಒಂದು ಪ್ರೋಟೀನು ಯಥೇಚ್ಛವಾಗಿ ದೊರೆಯಿತು. ಗ್ರಂಥಿ ಹಾರ್ಮೋನನ್ನು ಹೊರಚೆಲ್ಲಿದಾಗ ಈ ಪ್ರೋಟೀನೂ ಜತೆಯಲ್ಲೇ ಹೊರಬರುತ್ತಿತ್ತು. 1967ರಲ್ಲಿ ಆಕ್ಸ್‌ಫರ್ಡಿನ ಬ್ಲಾಷ್ಕೊ ಮತ್ತು ಸಂಗಡಿಗರು ಅದಕ್ಕೆ ಕ್ರೋಮೋಗ್ರಾನಿನ್ ಎಂದು ಹೆಸರಿಟ್ಟರು. ಮುಂದೆ ಇದು ಒಂದು ಕುಟುಂಬವೆಂದು ತಿಳಿದು, ಮೊದಲನೆಯದನ್ನು ಕ್ರೋಮೋಗ್ರಾನಿನ್ ಎ ಎಂದು ಕರೆದರು. ಅದರ ಕೆಲಸ ಹೆಚ್ಚುಕಡಿಮೆ ಮೂಟೆ ಕಟ್ಟುವ ಆಳಿನದು. ಹಾರ್ಮೋನನ್ನು ಒತ್ತೊತ್ತಾಗಿ ತುಂಬಿ, ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು, ಸೂಚನೆ ಬರುವವರೆಗೂ ಮೂಟೆ ಒಡೆಯದಂತೆ ಕಾಪಾಡಲು ಅದು ನೆರವಾಗುತ್ತದೆ. ಮೂಟೆಯೊಳಗಿನ ಸರಕು ಯಾವುದೇ ಇರಲಿ, ಕಟ್ಟುವ ಆಳು ಅವನೇ. ಆದ್ದರಿಂದ ಅಡ್ರಿನಲಿನ್ ತಯಾರಿಸುವ ಕೋಶದಲ್ಲಿಯೂ ಜಠರದ ಗ್ಯಾಸ್ಟ್ರಿನ್ ತಯಾರಿಸುವ ಕೋಶದಲ್ಲಿಯೂ ಕರುಳಿನ ಸಿರೊಟೋನಿನ್ ತಯಾರಿಸುವ ಕೋಶದಲ್ಲಿಯೂ ಈ ಒಂದೇ ಪ್ರೋಟೀನು ಇದೆ. ಪಕ್ಕದಲ್ಲೇ ಇರುವ, ಆಹಾರವನ್ನು ಹೀರುವ ಕೋಶದಲ್ಲಿ ಇಲ್ಲ. ಲೋಳೆ ಸುರಿಸುವ ಕೋಶದಲ್ಲಿ ಇಲ್ಲ.

ಪ್ರೋಟೀನು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಕಾಣಿಸುವುದು ಪ್ರತಿಕಾಯ. ಸಿಡುಬಿನ ಲಸಿಕೆ ಹಾಕಿಸಿಕೊಂಡ ದೇಹ ಸಿಡುಬನ್ನು ಗುರುತಿಸಿ ಹಿಡಿಯುವ ಪ್ರತಿಕಾಯವನ್ನು ಹೇಗೆ ಸೃಷ್ಟಿಸುತ್ತದೆಯೋ ಹಾಗೆಯೇ, ಕ್ರೋಮೋಗ್ರಾನಿನ್ನನ್ನು ಬೇರೊಂದು ಪ್ರಾಣಿಗೆ ಚುಚ್ಚಿದರೆ ಆ ಪ್ರಾಣಿ ಕ್ರೋಮೋಗ್ರಾನಿನ್ನನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ತಯಾರಿಸುತ್ತದೆ. ಪ್ರತಿಕಾಯಕ್ಕೆ ಬಣ್ಣವನ್ನು ಅಂಟಿಸಿ ಅಂಗಾಂಶದ ಮೇಲೆ ಹರಿಯಬಿಡುವ ಉಪಾಯವನ್ನು ಅಮೆರಿಕದ ಆಲ್ಬರ್ಟ್ ಕೂನ್ಸ್ 1940ರ ದಶಕದ ಆರಂಭದಲ್ಲೇ ತೋರಿಸಿದ್ದ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಅಚ್ಚಿನ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕಂಡುಹಿಡಿದರು. ಈ ಎರಡೂ ಕೂಡಿಕೊಂಡದ್ದರಿಂದ 1983–84ರಲ್ಲಿ ಅಮೆರಿಕದ ಲಾಯ್ಡ್ ಮತ್ತು ವಿಲ್ಸನ್ ಎಂಬವರು ಕ್ರೋಮೋಗ್ರಾನಿನ್ನನ್ನು ಹಿಡಿಯುವ ಪ್ರತಿಕಾಯದಿಂದ ಹಾರ್ಮೋನು ಕೋಶಗಳನ್ನು ಪತ್ತೆಮಾಡಬಹುದೆಂದು ತೋರಿಸಿದರು. 1985ರಲ್ಲಿ ಸಿನಾಪ್ಟೋಫೈಸಿನ್ ಎಂಬ ಎರಡನೆಯ ಕುರುಹು ಬೆಳಕಿಗೆ ಬಂತು. ಇದು ನರಕೋಶಗಳ ತುದಿಯಲ್ಲಿರುವ ಪುಟ್ಟ ಚೀಲಗಳ ಗೋಡೆಯ ಪ್ರೋಟೀನು. ಕರುಳಿನ ಹಾರ್ಮೋನು ಕೋಶದಲ್ಲಿಯೂ ಇರುತ್ತದೆ. ನರಕ್ಕೂ ಈ ಕೋಶಕ್ಕೂ ಸಾಮ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ. 2018ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಇಂಥ ಕೆಲವು ಕೋಶಗಳು ಮಿದುಳಿಗೆ ಹೋಗುವ ವೇಗಸ್ ನರದೊಡನೆ ನೇರವಾಗಿಯೇ ಸಂಪರ್ಕ ಹೊಂದಿರುವುದು ಕಂಡುಬಂತು. ಕರುಳಿಗೆ ತಿಳಿದದ್ದು ಕ್ಷಣಾರ್ಧದಲ್ಲಿ ತಲೆಗೂ ತಿಳಿಯುತ್ತದೆ.

ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ ನಿಧಾನದ್ದು. ಕರುಳಿನ ಚೂರನ್ನು ಫಾರ್ಮಲಿನ್ನಿನಲ್ಲಿ ಕೆಡದಂತೆ ಇಟ್ಟು, ಮೇಣದ ಅಚ್ಚಿನಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳುವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಪ್ರತಿಕಾಯವನ್ನು ಹಾಕಿ, ಅದು ಅಂಟಿಕೊಂಡ ಜಾಗ ಕಂದುಬಣ್ಣಕ್ಕೆ ತಿರುಗುವಂತೆ ಮಾಡುತ್ತಾರೆ. ನಸುನೀಲಿಯ ಕೋಶಗಳ ಸಾಲಿನ ನಡುವೆ ಒಂದು ಕೋಶ ಮಾತ್ರ ಕಾಫಿಯ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬುಡ ಅಗಲ, ಕುತ್ತಿಗೆ ಸಪೂರ; ಸೀಸೆಯ ಆಕಾರ. ಕುತ್ತಿಗೆಯ ತುದಿ ಕರುಳಿನ ಒಳಗೆ ಇಣುಕಿ ಬಂದ ಆಹಾರದ ರುಚಿ ನೋಡುತ್ತದೆ. ಮೂಟೆಗಳು ಬುಡದಲ್ಲಿ, ರಕ್ತನಾಳದ ಕಡೆಗೆ ಕೂಡಿಕೊಂಡಿರುತ್ತವೆ. ಒಳಗಿನದನ್ನು ಅರಿತು ಹೊರಗಿನವರಿಗೆ ಹೇಳುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಆಕಾರವನ್ನು ಊಹಿಸುವುದು ಕಷ್ಟ.

ಕ್ರೋಮೋಗ್ರಾನಿನ್ ಹೇಳುವುದು ಕುಲವನ್ನು. ಕಸುಬನ್ನು ಹೇಳಲು ಆಯಾ ಹಾರ್ಮೋನನ್ನೇ ಹಿಡಿಯುವ ಬೇರೆ ಪ್ರತಿಕಾಯ ಬೇಕು. ಮುದ್ದೆಯುಂಡವನ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಒಂದು ಕೋಶ ಸಿಕ್ರೆಟಿನ್ನನ್ನು ಬಿಡುತ್ತದೆ. ಇನ್ನೊಂದು ಕೊಲಿಸಿಸ್ಟೊಕೈನಿನ್ನನ್ನು ಬಿಟ್ಟು ಪಿತ್ತಕೋಶವನ್ನು ಹಿಂಡಿಸುತ್ತದೆ, ‘ಇನ್ನು ಸಾಕು’ ಎಂದು ಮಿದುಳಿಗೂ ಹೇಳುತ್ತದೆ. ಕೆಳಭಾಗದ ಮತ್ತೊಂದು ಕೋಶ ಬಿಡುವ ಜಿಎಲ್‌ಪಿ-1 ಎಂಬುದು ಇನ್ಸುಲಿನ್ ಸುರಿಯುವಂತೆ ಮಾಡುತ್ತದೆ. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ಈಚೆಗೆ ಬಳಕೆಗೆ ಬಂದಿರುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳು ಈ ಕೋಶದ ದೂತನನ್ನೇ ಅನುಕರಿಸಿ ಮಾಡಿದವು. ಹೀಗೆ 20ಕ್ಕೂ ಹೆಚ್ಚು ದೂತರಿದ್ದಾರೆ. ಒಂದು ಕೋಶಕ್ಕೆ ಒಂದೇ ಹಾರ್ಮೋನು ಎಂದು ಮೊದಲು ತಿಳಿದಿದ್ದೆವು. ಈಗ ಒಂದೇ ಕೋಶ ಹಲವನ್ನು ತಯಾರಿಸಬಲ್ಲದೆಂದೂ, ಕರುಳಿನ ಹಳ್ಳದಲ್ಲಿ ಹುಟ್ಟಿ ದಿಬ್ಬದ ಕಡೆಗೆ ಸಾಗುವಾಗ ಅದು ತನ್ನ ಸರಕನ್ನು ಬದಲಾಯಿಸಬಲ್ಲದೆಂದೂ ತಿಳಿದುಬಂದಿದೆ.

ಈ ವಿದ್ಯೆ ನಮ್ಮ ಸೀಮೆಯ ಕುರಿಗೆ ಏನು ಹೇಳುತ್ತದೆ? ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಮಂದೆಯಲ್ಲಿ ಕೆಲವು ಕುರಿಗಳು ಮೇವನ್ನು ಬಿಡುತ್ತವೆ. ಪಾವಗಡದ ಕಡೆಯ ಹಿರಿಯ ಕುರಿಗಾಹಿಯೊಬ್ಬರು ನನಗೆ ಹೇಳಿದ್ದು: “ಮೇವು ಮುಂದೇನೇ ಐತೆ ಸ್ವಾಮಿ, ಮೇಯೋ ಮನಸ್ಸೇ ಇಲ್ಲ ಇದಕ್ಕೆ.” ಗದ್ದದ ಕೆಳಗೆ ನೀರು ತುಂಬಿದ ಬಾವು, ಬಿಳಿಚಿದ ಕಣ್ಣು, ನೋಡಿದೊಡನೆ ಜಂತುಹುಳುವಿನ ಕಾಟವೆಂದು ಹೇಳಬಹುದಿತ್ತು. ನಾಲ್ಕನೆಯ ಹೊಟ್ಟೆಗೆ ಅಂಟಿಕೊಂಡು ರಕ್ತ ಹೀರುವ ಹುಳು ಅದು. ಹುಳು ರಕ್ತ ಹೀರಿದರೆ ಕುರಿ ನಿತ್ರಾಣವಾಗುವುದು ಸರಿ. ಆದರೆ ಹಸಿದ ಪ್ರಾಣಿಗೆ ಮೇಯುವ ಮನಸ್ಸು ಏಕೆ ಹೋಗಬೇಕು? ಕುರಿಗಾಹಿ ಆಡಿದ ಮಾತೇ ವಿಜ್ಞಾನದ ಪ್ರಶ್ನೆಯೂ ಆಗಿತ್ತು. ಸಣ್ಣ ಕರುಳಿನಲ್ಲಿ ನೆಲಸುವ, ಕೂದಲೆಳೆಯಂಥ ಇನ್ನೊಂದು ಜಾತಿಯ ಜಂತುವಿನ ಬಗ್ಗೆ 1981ರಲ್ಲಿ ಆಸ್ಟ್ರೇಲಿಯದ ಸೈಮನ್ಸ್ ಮತ್ತು ಹೆನೆಸಿ ಎಂಬಿಬ್ಬರು ಒಂದು ಉತ್ತರವನ್ನು ಮುಂದಿಟ್ಟರು. ಜಂತು ತಗುಲಿ ಮೇವು ಬಿಟ್ಟ ಕುರಿಗಳ ರಕ್ತದಲ್ಲಿ ಕೊಲಿಸಿಸ್ಟೊಕೈನಿನ್, ಅಂದರೆ ‘ಸಾಕು’ ಎನ್ನುವ ಆ ದೂತ, ಏರಿತ್ತು. ಹೊಟ್ಟೆ ಬರಿದಾಗಿರುವಾಗಲೇ ಅದು ತುಂಬಿದೆಯೆಂಬ ಸುದ್ದಿ ಮಿದುಳಿಗೆ ಹೋಗುತ್ತಿತ್ತು. ಮೇವು ಬಿಡಲು ಇದೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಕಾರಣಗಳಲ್ಲಿ ಇದೂ ಒಂದು.

ರಕ್ತ ಹೀರುವ ಹುಳುವಿನ ವಿಷಯದಲ್ಲಿ ಇನ್ನೊಂದು ಸರಪಳಿ ಕಂಡುಬಂದಿದೆ. ಹುಳುವಿನ ಕಾಟದಿಂದ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗುತ್ತದೆ. ಆಮ್ಲವನ್ನು ಸುರಿಸಿರಿ ಎಂದು ಹೇಳುವ ಹಾರ್ಮೋನು ಗ್ಯಾಸ್ಟ್ರಿನ್. ಆಮ್ಲ ಕಡಿಮೆಯಾದಷ್ಟೂ ಗ್ಯಾಸ್ಟ್ರಿನ್ ಕೋಶಗಳು ಕೂಗನ್ನು ಏರಿಸುತ್ತವೆ. ರಕ್ತದಲ್ಲಿ ಗ್ಯಾಸ್ಟ್ರಿನ್ ಹೆಚ್ಚುತ್ತದೆ. ಈ ಸರಪಳಿಯನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಹುಳುವಿಲ್ಲದೆಯೂ ಇದೇ ಸರಪಳಿ ಮನುಷ್ಯರ ಹೊಟ್ಟೆಯಲ್ಲಿ ಎಳೆಯಲ್ಪಡುತ್ತಿದೆ. ಅದನ್ನು ಸ್ವಲ್ಪ ಹೊತ್ತಿನಲ್ಲಿಯೇ ಹೇಳುತ್ತೇನೆ.

ಮನುಷ್ಯರ ವಿಷಯಕ್ಕೆ ಬಂದರೆ, ಈ ನೂರಕ್ಕೊಂದು ಕೋಶದ ಬೆಲೆ ಏನೆಂಬುದನ್ನು ಮನಗಾಣಿಸಿದ ಪ್ರಕರಣ 2006ರಲ್ಲಿ ಪ್ರಕಟವಾಯಿತು. ಹುಟ್ಟಿದಂದಿನಿಂದ ನಿಲ್ಲದ ಭೇದಿಯಿಂದ ಬಳಲುತ್ತಿದ್ದ ಮೂವರು ಗಂಡುಮಕ್ಕಳನ್ನು ಅಮೆರಿಕದ ವೈದ್ಯರು ಪರೀಕ್ಷಿಸಿದರು. ಉಣಿಸಿದ್ದು ಮೈಗೆ ಹತ್ತುತ್ತಿರಲಿಲ್ಲ. ಕರುಳಿನ ಚೂರನ್ನು ತೆಗೆದು ಸಾಮಾನ್ಯವಾದ ಬಣ್ಣ ಹಾಕಿ ನೋಡಿದರೆ ಆಹಾರ ಹೀರುವ ಕೋಶಗಳು ನೆಟ್ಟಗಿದ್ದವು, ಲೋಳೆಯ ಕೋಶಗಳು ನೆಟ್ಟಗಿದ್ದವು. ಕ್ರೋಮೋಗ್ರಾನಿನ್ನಿನ ಪ್ರತಿಕಾಯವನ್ನು ಹಾಕಿದಾಗ ಮಾತ್ರ ಕೊರತೆ ಕಂಡಿತು: ಕಂದು ಕೋಶಗಳು ಇಲ್ಲವೆನ್ನುವಷ್ಟು ವಿರಳವಾಗಿದ್ದವು. ಈ ಕೋಶಗಳು ಹುಟ್ಟುವುದಕ್ಕೆ ಅವಶ್ಯಕವಾದ ನ್ಯೂರೋಜೆನಿನ್-3 ಎಂಬ ಪ್ರೋಟೀನಿನ ವಂಶವಾಹಿಯಲ್ಲಿಯೇ ದೋಷವಿತ್ತು. ಉಳಿದ ತೊಂಬತ್ತೊಂಬತ್ತು ಕೋಶಗಳು ಚೆನ್ನಾಗಿದ್ದರೂ ಸುದ್ದಿ ಹೇಳುವ ಒಂದು ಇಲ್ಲದಿದ್ದರೆ ಅನ್ನ ಅನ್ನವಾಗುವುದಿಲ್ಲ. ಕುರುಹಿನ ವಿದ್ಯೆ ಇರದಿದ್ದರೆ ಆ ಕೊರತೆಯನ್ನು ಬರಿಗಣ್ಣಿನಿಂದಲೂ ಬರಿಯ ಬಣ್ಣದಿಂದಲೂ ಹಿಡಿಯುವುದು ಅಸಾಧ್ಯವಾಗುತ್ತಿತ್ತು.

ಆಸ್ಪತ್ರೆಗಳಲ್ಲಿ ಈ ಕುರುಹಿನ ಬಳಕೆ ಹೆಚ್ಚಾಗಿರುವುದು ಗಂತಿಗಳ ವಿಷಯದಲ್ಲಿ. ಕರುಳಿನ ಗಂತಿಗಳೆಲ್ಲವೂ ಒಂದೇ ಜಾತಿಯವಲ್ಲ. 1907ರಲ್ಲಿ ಮ್ಯೂನಿಕ್ಕಿನ ಓಬರ್ನ್‌ಡಾರ್ಫರ್ ಎಂಬಾತ, ಏಡಿಗಂತಿಯಂತೆ ಕಂಡರೂ ನಿಧಾನವಾಗಿ ಬೆಳೆಯುವ ಕೆಲವನ್ನು ಬೇರ್ಪಡಿಸಿ ಕಾರ್ಸಿನಾಯ್ಡ್ ಎಂದು ಕರೆದ. ಅವು ಹಾರ್ಮೋನು ಕೋಶಗಳಿಂದ ಹುಟ್ಟಿದವೆಂದು ಆಮೇಲೆ ತಿಳಿಯಿತು. ಇಂದು ಅವನ್ನು ನ್ಯೂರೋಎಂಡೊಕ್ರೈನ್ ಗಂತಿಗಳೆನ್ನುತ್ತಾರೆ. ಇವುಗಳ ಚಿಕಿತ್ಸೆಯೂ ಬೇರೆ, ಮುಂದೇನಾಗುವುದೆಂಬ ಲೆಕ್ಕವೂ ಬೇರೆ. ನಿಧಾನದ ಗಂತಿಯುಳ್ಳವರು ಹಲವಾರು ವರ್ಷ ಬದುಕುವುದುಂಟು. ಅಂಥವರಿಗೆ ಸಾಮಾನ್ಯ ಕ್ಯಾನ್ಸರಿನ ಲೆಕ್ಕ ಹೇಳಿದರೆ ಒಂದು ಮನೆ ಹೊಲವನ್ನು ಮಾರಿ ಬೇಡವಾದ ಚಿಕಿತ್ಸೆಗೆ ಸುರಿದೀತು. ಇಲ್ಲವೆ ಆಸೆ ಬಿಟ್ಟು ಕೈಚೆಲ್ಲೀತು. ಆದ್ದರಿಂದ ಚೂರನ್ನು ಪರೀಕ್ಷಿಸುವವರು ಸಂಶಯ ಬಂದಾಗ ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್ ಎರಡನ್ನೂ ನೋಡುತ್ತಾರೆ. ಎರಡನ್ನೂ ನೋಡುವುದಕ್ಕೆ ಕಾರಣವಿದೆ. ಗುದನಾಳದ ಇಂಥ ಗಂತಿಗಳಲ್ಲಿ ಎಷ್ಟೋ ಸಲ ಕ್ರೋಮೋಗ್ರಾನಿನ್ ಎ ಕಾಣಿಸುವುದೇ ಇಲ್ಲ, ಸಿನಾಪ್ಟೋಫೈಸಿನ್ ಕಾಣಿಸುತ್ತದೆ. ಒಂದು ಕುರುಹು ಇಲ್ಲವೆಂದ ಮಾತ್ರಕ್ಕೆ ಆ ಕುಲದ್ದಲ್ಲವೆಂದು ತೀರ್ಪು ಕೊಡುವಂತಿಲ್ಲ. ಜತೆಗೆ ಕೆಐ-67 ಎಂಬ ಮೂರನೆಯ ಪ್ರೋಟೀನನ್ನೂ ಎಣಿಸುತ್ತಾರೆ. ಇದು ಕುಲದ ಗುರುತಲ್ಲ, ವೇಗದ ಅಳತೆ. ನೂರು ಕೋಶಗಳಲ್ಲಿ 3ಕ್ಕಿಂತ ಕಡಿಮೆ ಕೋಶಗಳು ಇಬ್ಭಾಗವಾಗುವ ಸಿದ್ಧತೆಯಲ್ಲಿದ್ದರೆ ಗಂತಿ ನಿಧಾನದ್ದು. 20ನ್ನು ಮೀರಿದರೆ ಅವಸರದ್ದು.

ಕ್ರೋಮೋಗ್ರಾನಿನ್ ಮೂಟೆಯ ಜತೆ ರಕ್ತಕ್ಕೂ ಬರುವುದರಿಂದ ಅದನ್ನು ರಕ್ತದಲ್ಲಿಯೂ ಅಳೆಯುತ್ತಾರೆ. ನಾನು ಮನಸ್ಸಿನಲ್ಲಿಟ್ಟುಕೊಳ್ಳಿ ಎಂದ ಸರಪಳಿ ಇಲ್ಲಿ ಬರುತ್ತದೆ. ಎದೆಯುರಿ, ಹುಳಿತೇಗಿಗೆಂದು ನಮ್ಮ ಪಟ್ಟಣಗಳಲ್ಲಿ ಎಷ್ಟೋ ಜನ ಬೆಳಗಾಗೆದ್ದು ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಗ್ಯಾಸ್ಟ್ರಿಕ್ ಮಾತ್ರೆಗಳು ಜಠರದ ಆಮ್ಲವನ್ನು ತಡೆಯುತ್ತವೆ. ಆಮ್ಲ ಕಡಿಮೆಯಾದರೆ ಗ್ಯಾಸ್ಟ್ರಿನ್ ಏರುತ್ತದೆ. ಕುರಿಯ ಹೊಟ್ಟೆಯಲ್ಲಿ ಹುಳು ಮಾಡಿದ್ದನ್ನೇ ಇಲ್ಲಿ ಮಾತ್ರೆ ಮಾಡುತ್ತದೆ. ಏರಿದ ಗ್ಯಾಸ್ಟ್ರಿನ್ ಜಠರದ ಇನ್ನೊಂದು ಬಗೆಯ ಹಾರ್ಮೋನು ಕೋಶಗಳನ್ನು ಕೆರಳಿಸುತ್ತದೆ. ಅವು ಬಿಡುವ ಕ್ರೋಮೋಗ್ರಾನಿನ್ ರಕ್ತದಲ್ಲಿ ಹೆಚ್ಚಾಗುತ್ತದೆ. ಮೂತ್ರಪಿಂಡ ಸೋತವರಲ್ಲಿಯೂ, ಜಠರದ ಪದರ ಸವೆದವರಲ್ಲಿಯೂ ಅದು ಹೆಚ್ಚುವುದುಂಟು. ಇವರಾರಿಗೂ ಗಂತಿ ಇಲ್ಲದಿರಬಹುದು. ಇದನ್ನು ಅರಿಯದೆ ರಕ್ತಪರೀಕ್ಷೆಯ ಕಾಗದದಲ್ಲಿನ ಒಂದು ಅಂಕಿಯನ್ನು ನೋಡಿ ಮನೆಮಂದಿಯೆಲ್ಲ ನಿದ್ರೆಗೆಡುವುದು ಅನ್ಯಾಯ. ಆ ಪರೀಕ್ಷೆಗೆ ಸುಮಾರು ಎರಡು ವಾರ ಮೊದಲು ಈ ಮಾತ್ರೆಯನ್ನು ನಿಲ್ಲಿಸಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ತಾವಾಗಿಯೇ ನಿಲ್ಲಿಸದೆ, ನಾನು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ತಿಳಿಸುವುದು ರೋಗಿಯ ಕರ್ತವ್ಯ.

ಕಿವಿಯ ಗುರುತು ಕುರಿ ಯಾರದೆಂದು ಹೇಳುತ್ತದೆ. ಅದು ಆರೋಗ್ಯವಾಗಿದೆಯೇ, ಇಂದು ಮೇದಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಕುರಿಯನ್ನೇ ನೋಡಬೇಕು. ಪ್ರೋಟೀನಿನ ಕುರುಹಿನ ಮಾತೂ ಅಷ್ಟೇ. ನೋಡಿದ ಕಣ್ಣು, ರೋಗಿಯ ಮಾತು, ಬೇರೆ ಪರೀಕ್ಷೆಗಳು ಎಲ್ಲವೂ ಸೇರಿದಾಗಲೇ ಅದಕ್ಕೆ ಅರ್ಥ ಬರುತ್ತದೆ.

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. ಮಧುಗಿರಿಯಿಂದಲೋ ಪಾವಗಡದಿಂದಲೋ ತುಮಕೂರಿಗೆ, ಬೆಂಗಳೂರಿಗೆ ಹೋಗಿ ಬಯಾಪ್ಸಿ ಮಾಡಿಸಿಕೊಂಡು ಬರುವವರು ಸಾಮಾನ್ಯವಾಗಿ ವರದಿಯ ಕಾಗದವನ್ನು ಜೋಪಾನ ಮಾಡುತ್ತಾರೆ, ಮೇಣದ ಅಚ್ಚನ್ನು ಮರೆಯುತ್ತಾರೆ. ಬ್ಲಾಕ್ ಎಂದು ಕರೆಯುವ ಆ ಬೆರಳಗಲದ ಮೇಣದೊಳಗೆ ರೋಗಿಯ ಅಂಗಾಂಶ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮೊದಲು ನೋಡಿದವರು ಕುರುಹಿನ ಪರೀಕ್ಷೆ ಮಾಡಿರದಿದ್ದರೂ ಅದೇ ಅಚ್ಚಿನಿಂದ ಇನ್ನೊಂದು ಪದರವನ್ನು ಸೀಳಿ, ಹೊಸದಾಗಿ ಚುಚ್ಚಿಸಿಕೊಳ್ಳದೆಯೇ, ಎಷ್ಟೋ ಸಲ ಉತ್ತರವನ್ನು ಪಡೆಯಬಹುದು. ಬೇರೆ ಆಸ್ಪತ್ರೆಗೆ ಹೋಗುವಾಗ ಬ್ಲಾಕನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದು ಕೊಂಡೊಯ್ಯಿರಿ. ಕುರಿ ಸಾಕಿದವರು ಮಳೆಗಾಲದ ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಜಂತುನಾಶಕ ಔಷಧಿಯನ್ನು ಕುಡಿಸಿರಿ.